ಕತ್ತರಿಸಿಟ್ಟ ಉಸಿರು

ಫೋನಿನಲ್ಲಿ ಕೇಳಿದ ಆ ಧ್ವನಿ ಎಷ್ಟು ಮೃದುವಾಗಿತ್ತೆಂದರೆ, ಯಶಸ್ವಿ ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಊದುಬತ್ತಿ ಹಚ್ಚಿಟ್ಟಳು.

“ಒಂದು ಆಲ್ಬಮ್ ಮಾಡ್ಲಿಕ್ಕುಂಟು. ಎಂಟು ಹಾಡು. ನಮಗೆ ಭಾನುವಾರ ಮಾತ್ರ ಬರ್ಲಿಕ್ಕೆ ಆಗುದು,” ಎಂದಿದ್ದ. ಹೆಸರು ಚಿನ್ಮಯ, ಊರು ಸವಣೂರು, ರಾಮಕುಂಜದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಷ್ಟು ಕೇಳಿದ ಮೇಲೆ ಭಕ್ತಿಗೀತೆಯಲ್ಲದೆ ಇನ್ನೇನಿದ್ದೀತು? ಬೆಳ್ಳಾರೆ ಬಸ್‌ಸ್ಟ್ಯಾಂಡಿನ ಎದುರು, ಹಾರ್ಡ್‌ವೇರ್ ಅಂಗಡಿಯ ಮೇಲಿನ ‘ಬೆಳ್ಯಪ್ಪ ಸೌಂಡ್ಸ್’ಗೆ ಬರುವ ಆಲ್ಬಮ್‌ಗಳೆಲ್ಲ ಅಂಥವೇ. ಅವಳು ಹಾರ್ಮೋನಿಯಮ್ಮಿಗೊಂದು, ತಬಲಕ್ಕೆರಡು ಮೈಕು ಹೊಂದಿಸಿ, ನೆಲಕ್ಕೆ ಚಾಪೆ ಹಾಸಿ ಕಾದಳು.

ಬಂದವರು ಮೂವರು. ಪುತ್ತೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಜಾಸಿರ್ ಪಿಕಪ್ಪಿನಿಂದ ಡ್ರಮ್‌ಗಳನ್ನು ಒಂದೊಂದಾಗಿ ಇಳಿಸಿ ಮೆಟ್ಟಿಲು ಹತ್ತಿಸಿದ. ಕಡಬದಲ್ಲಿ ವಯರಿಂಗ್ ಕೆಲಸ ಮಾಡುವ ಶೈಲೇಶ್ ಬಾಸ್ ಗಿಟಾರ್ ಹೊತ್ತು ಬಂದ. ಕೊನೆಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಚಿನ್ಮಯ ಬಂದ. ಚಪ್ಪಲಿ ಹೊರಗೆ ಬಿಟ್ಟ. ಚಾಪೆ ನೋಡಿದ, ಊದುಬತ್ತಿ ನೋಡಿದ, ಆಮೇಲೆ ಅವಳನ್ನು ನೋಡಿದ. ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಅಲುಗಿತು.

“ಒಮ್ಮೆ ವಾಯ್ಸ್ ಟೆಸ್ಟ್ ಮಾಡುವ,” ಎಂದು ಅವಳು ಗಾಜಿನ ಈಚೆಗೆ ಬಂದು ಹೆಡ್‌ಫೋನ್ ಹಾಕಿಕೊಂಡಳು.

ಅವನು ಮೈಕಿನ ಎದುರು ನಿಂತು ಕಣ್ಣು ಮುಚ್ಚಿದ. ಉಸಿರು ತೆಗೆದುಕೊಂಡ. ಆಮೇಲೆ ಆ ಇಸ್ತ್ರಿಯ ಅಂಗಿಯೊಳಗಿಂದ ಹೊರಟ ಬೊಬ್ಬೆಗೆ ಯಶಸ್ವಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಅಚ್ಚುತಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

“ಯಾರಿಗೆ ಮಾರಾಯ್ತಿ ಶಾಕ್ ಹೊಡೆದದ್ದು?”

“ಯಾರಿಗೂ ಇಲ್ಲ. ಇದು ಹಾಡಂತೆ,” ಎಂದಳು ಯಶಸ್ವಿ.

“ಮೆಟಲ್ ಅಂತ ಹೇಳುದು,” ಎಂದ ಚಿನ್ಮಯ, ಮತ್ತೆ ಅದೇ ಮೃದು ಧ್ವನಿಯಲ್ಲಿ. “ಮುಂಚೆಯೇ ಹೇಳಿದ್ರೆ ನೀವು ಬೇಡ ಹೇಳ್ತೀರಿ ಅಂತ ಗ್ರಹಿಸಿದೆ. ಸಾರಿ ಮಾರಾಯ್ರೆ. ಊದುಬತ್ತಿ ಇರ್ಲಿ, ಪರಿಮಳ ಚಂದ ಉಂಟು.”

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೈ ಎತ್ತಿ ‘ಒಂದು ನಿಮಿಷ’ ಎಂದು ಸನ್ನೆ ಮಾಡಿ ಹೊರಗೆ ಹೋದ. ಯಶಸ್ವಿ ನೀರು ತೆಗೆದುಕೊಂಡು ಹಿಂದೆಯೇ ಹೋದಾಗ, ಅವನು ಗೋಡೆಗೆ ಮುಖ ಮಾಡಿ ಇನ್‌ಹೇಲರ್ ಎಳೆಯುತ್ತಿದ್ದ. ಎದೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅವಳು ನೋಡುತ್ತಿರುವುದು ಅವನಿಗೂ ಕಂಡಿತು.

“ಉಬ್ಬಸ. ಸಣ್ಣದಿರುವಾಗಿಂದ ಉಂಟು,” ಎಂದ. ನೀರು ಕುಡಿದು ಲೋಟ ಹಿಂದೆ ಕೊಡುತ್ತ, “ಒಂದು ಹೇಳ್ಬೇಕಿತ್ತು. ಹಾಡಿನಲ್ಲಿ ನನ್ನ ಉಸಿರು ಕೇಳ್ಬಾರದು. ಒಂದೂ ಕೇಳ್ಬಾರದು. ಹಾಗೆ ಕತ್ತರಿಸ್ಲಿಕ್ಕೆ ಆಗ್ತದಾ?”

“ಆಗ್ತದೆ. ಕೆಲಸ ಹೆಚ್ಚು, ಅಷ್ಟೆ. ಯಾಕೆ?”

“ನಾನು ಕಲಿಯುವಾಗ ಶಾಲೆಯಲ್ಲಿ ಹಿಂದಿನ ಬೆಂಚಿನವರು ಹಾರ್ಮೋನಿಯಂ ಅಂತ ಹೆಸರು ಇಟ್ಟಿದ್ರು. ನಾನು ಬರುವಾಗ ಎಲ್ಲರೂ ಸೇರಿ ಸುಂಯ್ ಅಂತ ಎಳೆಯುದು.” ಅವನು ನಗಲು ನೋಡಿದ. “ಅದಕ್ಕೇ ಬೊಬ್ಬೆ ಹೊಡಿಲಿಕ್ಕೆ ಕಲ್ತದ್ದು. ಬೊಬ್ಬೆ ಹೊಡೆಯುವಾಗ ಉಬ್ಬಸ ಯಾರಿಗೂ ಕೇಳುದಿಲ್ಲ.”

ಅವಳು ಒಳಗೆ ಹೋಗಿ ಊದುಬತ್ತಿ ನಂದಿಸಿದಳು. ಆ ಸ್ಟುಡಿಯೋದಲ್ಲಿ ಅದರ ನಂತರ ಊದುಬತ್ತಿ ಹೊತ್ತಲಿಲ್ಲ.

ಬ್ಯಾಂಡಿನ ಹೆಸರು ‘ಮುರಕಲ್ಲು’. ಊರಿನ ಮನೆಗಳನ್ನೆಲ್ಲ ಕಟ್ಟಿದ, ನೆಲದಿಂದ ಕಡಿದು ತೆಗೆಯುವ ಕೆಂಪುಕಲ್ಲು. ಆಲ್ಬಮ್ಮಿಗೆ ‘ಕೋರೆ’ ಎಂದು ಹೆಸರಿಟ್ಟರು, ಆ ಕಲ್ಲು ತೆಗೆದ ಮೇಲೆ ಉಳಿಯುವ ಹೊಂಡ. ಹೆಸರಿಡುವುದೇನೋ ಸುಲಭ. ಬಸ್‌ಸ್ಟ್ಯಾಂಡಿನ ಎದುರು ಕೂತು ಎಂಟು ಹಾಡು ರೆಕಾರ್ಡ್ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಗೋಡೆಗೆ ಎಷ್ಟು ಮೊಟ್ಟೆ ಟ್ರೇ, ಎಷ್ಟು ಗೋಣಿ ಹೊಡೆದರೂ ಬಸ್ಸಿನ ಹಾರ್ನ್ ಒಳಗೆ ಬರುತ್ತಿತ್ತು. ಅದಕ್ಕೇ ಯಶಸ್ವಿಯ ಮೇಜಿನ ಮೇಲೆ ಪುತ್ತೂರು ಬಸ್ಸು, ಸುಳ್ಯ ಬಸ್ಸುಗಳ ಟೈಮಿನ ಪಟ್ಟಿ ಅಂಟಿಸಿತ್ತು. ಎರಡು ಬಸ್ಸುಗಳ ನಡುವೆ ಸಿಕ್ಕಿದಷ್ಟು ಹೊತ್ತಿನಲ್ಲಿ ಒಂದು ಟೇಕ್.

ಹಾಗಿದ್ದೂ ಪಟ್ಟಿಯನ್ನು ಬಸ್ಸುಗಳು ಎಲ್ಲಿ ಓದುತ್ತವೆ? ಹಾಡು ಇನ್ನೇನು ಮುಗಿಯಬೇಕು, ಕೆಳಗೆ ಯಾವನೋ ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಯಶಸ್ವಿ ಟಾಕ್‌ಬ್ಯಾಕಿನ ಗುಂಡಿ ಒತ್ತಿ, ಗಾಜಿನ ಆಚೆಗಿದ್ದವನ ಕಿವಿಗೆ ಹೇಳುತ್ತಿದ್ದಳು: “ಹಾರ್ನ್ ಬಂತು. ಇನ್ನೊಂದ್ಸಲ.”

“ನನ್ನ ಜೀವ ಹೋದ ಮೇಲೆ ನೀವು ಹೀಗೆಯೇ ಹೇಳ್ಬಹುದು,” ಎಂದ ಒಮ್ಮೆ, ಬೆವರು ಒರೆಸಿಕೊಳ್ಳುತ್ತ.

“ಎಂತ?”

“ಹಾರ್ನ್ ಬಂತು, ಇನ್ನೊಂದ್ಸಲ ಸಾಯಿ ಅಂತ.”

ಅವಳು ಗುಂಡಿಯಿಂದ ಬೆರಳು ತೆಗೆದೇ ನಕ್ಕಳು. ನಗು ಅವನಿಗೆ ಕೇಳಿಸಲಿಲ್ಲ, ಕಾಣಿಸಿತು. ಅವನು ಹೆಡ್‌ಫೋನನ್ನು ತಟ್ಟಿ, ‘ಕೇಳ್ಲಿಲ್ಲ’ ಎಂದು ಬೇಕೆಂದೇ ಕೈಸನ್ನೆ ಮಾಡಿದ.

ಭಾನುವಾರ ಅಷ್ಟು ಚಂದವಾಗಿ ಕಳೆಯುತ್ತಿತ್ತು. ಉಳಿದ ಆರು ದಿನಗಳದ್ದೇ ಕಷ್ಟ. ಅಪ್ಪ ಬೆಳ್ಯಪ್ಪ ತೀರಿಕೊಂಡು ಮೂರು ವರ್ಷ. ಅಮ್ಮ ದಮಯಂತಿ ಸುಳ್ಯದಲ್ಲಿ ಅಣ್ಣನ ಮನೆಯಲ್ಲಿ, ಮೊಮ್ಮಕ್ಕಳೊಟ್ಟಿಗೆ. ಸ್ಟುಡಿಯೋದ ಹಿಂದಿನ ಎರಡು ಕೋಣೆಯಲ್ಲಿ ಯಶಸ್ವಿ ಒಬ್ಬಳೇ. ಹೊಟ್ಟೆಪಾಡಿನ ಕೆಲಸ ಎಂದರೆ ರಿಕ್ಷಾಕ್ಕೆ ಕಟ್ಟುವ ಅನೌನ್ಸ್‌ಮೆಂಟ್. ‘ಕ್ರೀಡಾಭಿಮಾನಿಗಳೇ, ಬನ್ನಿ, ನೀವೂ ಬನ್ನಿ, ನಿಮ್ಮವರನ್ನೂ ಕರೆತನ್ನಿ’ ಎಂದು ವಾಲಿಬಾಲ್ ಪಂದ್ಯಕ್ಕೆ, ರಕ್ತದಾನ ಶಿಬಿರಕ್ಕೆ, ಹೊಸ ಜವಳಿ ಅಂಗಡಿಗೆ ಅವಳ ಧ್ವನಿ ಮೂರು ತಾಲೂಕು ಸುತ್ತುತ್ತಿತ್ತು. ಮಧ್ಯಾಹ್ನ ಅವಳು ಒಬ್ಬಳೇ ಕೂತು ಉಣ್ಣುವಾಗ ಕೆಳಗೆ ರಸ್ತೆಯಲ್ಲಿ ಅವಳದೇ ಧ್ವನಿ ಊರಿಗೆಲ್ಲ ‘ಬನ್ನಿ, ಬನ್ನಿ’ ಎಂದು ಕರೆಯುತ್ತ ಹೋಗುತ್ತಿತ್ತು. ಯಾರ ಧ್ವನಿ ಎಂದು ಯಾರೂ ಕೇಳಿದ್ದಿಲ್ಲ. ಅವಳು ತಟ್ಟೆ ತೊಳೆದಿಟ್ಟು ಮತ್ತೆ ಕಂಪ್ಯೂಟರಿನ ಎದುರು ಕೂರುತ್ತಿದ್ದಳು.

ಅಲ್ಲಿ ಚಿನ್ಮಯನ ಉಸಿರುಗಳಿದ್ದವು.

ಸಾಲಿಗೊಂದು ಉಸಿರು. ಪರದೆಯ ಮೇಲೆ ಬೊಬ್ಬೆ ದಪ್ಪಗೆ, ಅದರ ಹಿಂದೆ ಉಸಿರು ಸಪೂರಕ್ಕೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಕೇಳಿ, ಗುರುತು ಮಾಡಿ, ಕತ್ತರಿಸಬೇಕು. ಮೊದಲನೆಯ ವಾರ ಕತ್ತರಿಸಿದ್ದನ್ನೆಲ್ಲ ಅಳಿಸಿಬಿಟ್ಟಳು. ಎರಡನೆಯ ವಾರ ಒಂದನ್ನು ಅಳಿಸಲು ಹೋಗಿ ಬೆರಳು ನಿಂತಿತು. ಅದರ ಕೊನೆಯಲ್ಲಿ ಸಣ್ಣ ನಗು ಇತ್ತು. ಅದನ್ನು ಬೇರೆ ಫೋಲ್ಡರಿಗೆ ಹಾಕಿದಳು. ಆಮೇಲೆ ಒಂದನ್ನೂ ಅಳಿಸಲು ಮನಸ್ಸು ಬರಲಿಲ್ಲ.

ಏಳು ತಿಂಗಳು ಹೀಗೆ ಹೋಯಿತು. ಅವನು ಬೆಳಿಗ್ಗೆ ತಿಂಡಿ ತಿನ್ನದೆ ಬಂದದ್ದು, ಬಸ್ಸು ತಪ್ಪಿ ಓಡಿ ಬಂದದ್ದು, ಅಮ್ಮನ ಹತ್ತಿರ ಜಗಳ ಮಾಡಿ ಬಂದದ್ದು ಎಲ್ಲ ಅವಳಿಗೆ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಇನ್ನೊಂದು ಬಗೆಯ ಉಸಿರೂ ಇತ್ತು. ರೆಕಾರ್ಡಿಂಗ್ ಶುರುವಾದ ಮೇಲೆ ಅವನು ಗಾಜಿನೊಳಗಿಂದ ಅವಳನ್ನೇ ನೋಡುವನು, ಉಸಿರು ತೆಗೆದುಕೊಳ್ಳುವನು, ಆದರೆ ಹಾಡುತ್ತಿರಲಿಲ್ಲ. ಅರ್ಧ ನಿಮಿಷ ಬಿಟ್ಟು, “ಸಾರಿ ಮಾರಾಯ್ರೆ, ಮತ್ತೊಮ್ಮೆ ಹಾಕಿ,” ಎನ್ನುವನು. ತಾಳ ತಪ್ಪಿರಬೇಕು ಎಂದುಕೊಂಡು ಅವಳು ಮತ್ತೆ ಹಾಕುವಳು. ಹಾಗೆ ಅಂದುಕೊಳ್ಳದೆ ಬೇರೇನಾದರೂ ಅಂದುಕೊಂಡರೆ ಸೋಮವಾರದಿಂದ ಶನಿವಾರದವರೆಗೆ ಬದುಕುವುದು ಹೇಗೆ?

ಕೊನೆಯ ಭಾನುವಾರ ಎಂಟನೆಯ ಹಾಡು ಮುಗಿಯಿತು. ‘ಕೂಗಿದರೂ ಕೇಳದವರ ಊರಿನಲ್ಲಿ ಪಿಸುಮಾತಿಗೆ ಯಾರುಂಟು’ ಎಂಬ ಸಾಲನ್ನು ಅವನು ಗಂಟಲು ಹರಿಯುವಂತೆ ಕೂಗಿದ. ಜಾಸಿರ್ ಬಿರಿಯಾನಿ ತರಿಸಿದ್ದ. ಮೇಷ್ಟ್ರಿಗೆ ಪ್ರತ್ಯೇಕ ತುಪ್ಪದನ್ನ. ಮೂವರೂ ಸಾಮಾನು ಇಳಿಸಿ ಹೋಗುವಾಗ ಚಿನ್ಮಯ ಮೆಟ್ಟಿಲಿನಲ್ಲಿ ನಿಂತ.

“ಹಾಗಾದ್ರೆ ಇನ್ನು ಭಾನುವಾರ ನಿಮಗೆ ಆರಾಮ,” ಎಂದ.

“ಹೌದು. ಆರಾಮ,” ಎಂದಳು.

ಪಿಕಪ್ ತಿರುಗಿ ಹೋದದ್ದನ್ನು ನೋಡಿ ಒಳಗೆ ಬಂದಳು. ಗಾಜಿನ ಆಚೆಗೆ ಖಾಲಿ ಸ್ಟ್ಯಾಂಡ್ ಇತ್ತು. ಮುಂದಿನ ಭಾನುವಾರ ಏನು ಮಾಡುವುದು ಎಂಬ ಯೋಚನೆಗೇ ಅಳು ಬಂತು. ಅತ್ತು ಮುಗಿಸಿ, ಫೋಲ್ಡರ್ ತೆರೆದು, ನೂರ ಮೂರು ಉಸಿರುಗಳನ್ನು ಒಂದರ ಹಿಂದೆ ಒಂದು ಪೋಣಿಸಿದಳು. ಎರಡು ನಿಮಿಷ ನಲವತ್ತು ಸೆಕೆಂಡ್ ಆಯಿತು. ತಾನೊಬ್ಬಳೇ ಕೇಳಲಿಕ್ಕೆ. ಹೆಸರು ಕೊಡುವಾಗ ಬೆರಳು ಅಭ್ಯಾಸದಂತೆ ಮೊದಲು ‘ಶ್ರೀ’ ಒತ್ತಿತು.

ಅದು ಅಪ್ಪನ ಕ್ರಮ. ಕ್ಯಾಸೆಟ್ ಕಾಲದಲ್ಲಿ ಪೂರ್ತಿಯಾದ ಕೆಲಸದ ಮೇಲೆ ಮಾತ್ರ ಬೆಳ್ಯಪ್ಪ ಪೆನ್ನಿನಲ್ಲಿ ‘ಶ್ರೀ’ ಬರೆಯುತ್ತಿದ್ದರು. ಶ್ರೀ ಇದ್ದರೆ ಗಿರಾಕಿಗೆ ಕೊಡಬಹುದು, ಇಲ್ಲದಿದ್ದರೆ ಕೆಲಸ ಬಾಕಿ. ಮಗಳು ಕಂಪ್ಯೂಟರಿನಲ್ಲೂ ಅದನ್ನೇ ಉಳಿಸಿಕೊಂಡಿದ್ದಳು. ಎರಡು ವಾರ ಕಳೆದು ಜಾಸಿರ್ ಪೆನ್‌ಡ್ರೈವ್ ತಂದಾಗ ಅವಳು ವಾಲಿಬಾಲ್ ಅನೌನ್ಸ್‌ಮೆಂಟಿನ ನಡುವೆ ಇದ್ದಳು. ಬ್ಯಾಂಡಿನದ್ದರಲ್ಲಿ ‘ಶ್ರೀ’ ಇದ್ದದ್ದನ್ನೆಲ್ಲ ಒಟ್ಟಿಗೆ ಹಿಡಿದು ಕಾಪಿ ಮಾಡಿ ಕೊಟ್ಟುಬಿಟ್ಟಳು. ಎಷ್ಟಿವೆ ಎಂದು ಎಣಿಸಲಿಲ್ಲ.

ಜಾಸಿರ್ ಎಣಿಸಿದ. ಒಂಬತ್ತು. ಒಂಬತ್ತನೆಯದರ ಹೆಸರು ‘ಉಸಿರು’. ಮೆಟಲ್ ಆಲ್ಬಮ್‌ಗಳ ಕೊನೆಗೆ ಹೀಗೆ ಏನಾದರೊಂದು ವಿಚಿತ್ರ ಇರುವುದುಂಟು. ಮೇಷ್ಟ್ರು, ಯಶಕ್ಕ ಸೇರಿ ಮಾಡಿರಬೇಕು ಎಂದುಕೊಂಡು ಎಲ್ಲವನ್ನೂ ಅಪ್‌ಲೋಡ್ ಮಾಡಿದ.

‘ಕೋರೆ’ ಶುಕ್ರವಾರ ಹೊರಬಂತು. ಊರು ಎಂದಿನಂತೆ ಇತ್ತು. ಅಚ್ಚುತಣ್ಣ ಒಂದೂವರೆ ಹಾಡು ಕೇಳಿ, “ಶಾಕ್ ಹೊಡೆದದ್ದು ಚಂದ ಬಂದಿದೆ,” ಎಂದರು. ಶೈಲೇಶನ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹದಿನಾಲ್ಕು ಜನ ಕೈ ಮುಗಿಯುವ ಚಿತ್ರ ಹಾಕಿದರು, ಹಾಡು ಒತ್ತಿ ನೋಡಿದವರು ಇಬ್ಬರು. ಅಷ್ಟರಲ್ಲೇ ಮುಗಿಯಬೇಕಿತ್ತು. ಆದರೆ ಶಿಲ್ಲಾಂಗಿನಲ್ಲಿ ಕೂತು ಇಂಥ ಸಂಗೀತದ ಬಗ್ಗೆಯೇ ಬರೆಯುವ ಒಬ್ಬಾತ ಬರೆದ: ‘ಮೊದಲ ಎಂಟು ಹಾಡು ಗಟ್ಟಿಯಾಗಿವೆ, ಆದರೆ ಮನುಷ್ಯ ಹಾಡಿದಂತಿಲ್ಲ. ಒಂಬತ್ತನೆಯದಕ್ಕೆ ಬಂದಾಗ ನಾನು ಗಾಡಿ ನಿಲ್ಲಿಸಿದೆ. ಇವರ ಭಾಷೆ ನನಗೆ ಬರುವುದಿಲ್ಲ, ಅದಕ್ಕೆ ಭಾಷೆ ಬೇಕಾಗಲಿಲ್ಲ.’ ಅಲ್ಲಿಂದ ಜನ ಹುಡುಕಿ ಬಂದು ಕೇಳತೊಡಗಿದರು. ಕೆಲವರು ಅತ್ತೆವು ಎಂದರು. ಕೆಲವರು ‘ಆಂಬುಲೆನ್ಸ್ ಕರೀರಿ’ ಎಂದು ನಕ್ಕರು.

ಸೋಮವಾರ ಮಧ್ಯಾಹ್ನ ಚಿನ್ಮಯನ ಫೋನ್ ಬಂತು. ಧ್ವನಿ ಮೊದಲ ದಿನದಷ್ಟೇ ಮೃದು.

“ಇವತ್ತು ಒಂಬತ್ತನೇ ಕ್ಲಾಸಿಗೆ ಹೋದೆ. ಬೋರ್ಡಿಗೆ ತಿರುಗಿದ ಕೂಡಲೆ ಹಿಂದಿನಿಂದ ಸುಂಯ್ ಅಂತ ಎಳೆದ್ರು.”

ಯಶಸ್ವಿ ಪೆನ್‌ಡ್ರೈವಿಗೆ ಹಾಕಿದ ಫೈಲುಗಳನ್ನು ಆಗ ಎಣಿಸಿದಳು, ಒಂಬತ್ತು. “ತಪ್ಪಾಯ್ತು. ಶ್ರೀ ಇದ್ದದ್ದೆಲ್ಲ ಕಾಪಿ ಮಾಡುವಾಗ ಅದೂ…”

“ಕಾಪಿ ಆದದ್ದು ತಪ್ಪಿ. ಆದ್ರೆ ಮಾಡಿದ್ದು ತಪ್ಪಿ ಅಲ್ಲ ಅಲ್ವಾ? ಕೂತು ಮಾಡಿದ್ದೀರಿ. ನಾನು ನಿಮ್ಮತ್ರ ಒಂದೇ ಕೇಳಿದ್ದು.” ಅವನು ತಡೆದ. “ಯಾಕೆ ಮಾಡಿದ್ದು ಯಶಸ್ವಿಯವರೇ? ತಮಾಷೆಗಾ?”

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಹೇಳಿದರೆ ಏಳು ತಿಂಗಳಿನಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿದ ಹಾಗೆ. ಮೂರು ತಾಲೂಕಿಗೆ ಕೇಳುವಂತೆ ಕರೆಯುವ ಆ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ.

“ಆಯ್ತು,” ಎಂದು ಫೋನ್ ಇಟ್ಟ.

ಅವಳು ಅಂದೇ ಜಾಸಿರ್‌ಗೆ ಹೇಳಿ ಒಂಬತ್ತನೆಯದನ್ನು ತೆಗೆಸಲು ನೋಡಿದಳು. ಜಾಸಿರ್ ಮಾರನೆಯ ದಿನ ತಿರುಗಿ ಫೋನ್ ಮಾಡಿ, “ಮೇಷ್ಟ್ರು ಈಗ ತೆಗಿಬೇಡ ಹೇಳಿದ್ರು ಯಶಕ್ಕ. ಯಾಕೆ ಅಂತ ಹೇಳ್ಲಿಲ್ಲ,” ಎಂದ. ಅವಳಿಗೂ ಅರ್ಥವಾಗಲಿಲ್ಲ. ಅವನಿಗೆ ಮೂರು ಮೆಸೇಜ್ ಬರೆದು ಮೂರನ್ನೂ ಅಳಿಸಿದಳು.

ಮೂರು ಭಾನುವಾರ ಖಾಲಿ ಬಂದು ಖಾಲಿ ಹೋದವು. ಹತ್ತು ಗಂಟೆಗೆ ಅವಳು ಸುಮ್ಮನೆ ಮೈಕ್ ಸ್ಟ್ಯಾಂಡನ್ನು ಅವನ ಎತ್ತರಕ್ಕೆ ಏರಿಸುವಳು, ಮತ್ತೆ ಇಳಿಸುವಳು. ಆ ಫೈಲನ್ನು ತೆರೆಯಲು ಧೈರ್ಯವಾಗಲಿಲ್ಲ. ಎಲ್ಲೆಲ್ಲಿಯವರೋ ಕೇಳುತ್ತಿದ್ದ ಆ ಉಸಿರು ಅವಳೊಬ್ಬಳಿಗೆ ಇಲ್ಲದಂತಾಯಿತು.

ನಾಲ್ಕನೆಯ ಭಾನುವಾರ ಹನ್ನೊಂದೂ ಕಾಲಿಗೆ ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿತು. ಅರ್ಧಕ್ಕೆ ನಿಂತು, ದಮ್ಮು ತೆಗೆದು, ಮತ್ತೆ ಹತ್ತುವ ಹೆಜ್ಜೆ. ಬಾಗಿಲಿಗೆ ಬರುವ ಮೊದಲೇ ಯಾರೆಂದು ಅವಳಿಗೆ ಗೊತ್ತಾಗಿತ್ತು.

“ಅದನ್ನು ಹಾಕಿ,” ಎಂದ ಚಿನ್ಮಯ. ಯಾವುದನ್ನು ಎಂದು ಹೇಳಲಿಲ್ಲ.

“ಚಿನ್ಮಯ ಸರ್, ನಾನು…”

“ಹಾಕಿ ಮಾರಾಯ್ರೆ. ಸ್ಪೀಕರಿನಲ್ಲಿ.”

ಅವನು ತನ್ನ ಹಳೆಯ ಜಾಗಕ್ಕೆ, ಗಾಜಿನ ಆಚೆಗೆ ಹೋಗಿ ನಿಂತ. ಅವಳು ಹಾಕಿದಳು. ಒಂದೊಂದೇ ಉಸಿರು ಕೋಣೆಯಲ್ಲಿ ಬಂದು ಹೋಯಿತು. ಅವನು ಗೋಡೆಯ ಗೋಣಿಯನ್ನು ನೋಡುತ್ತ ಕೇಳಿದ. ಮುಗಿದ ಮೇಲೆ ಮೈಕಿನ ಹತ್ತಿರ ಬಂದ. ಅವನ ಮಾತು ಅವಳ ಸ್ಪೀಕರಿನಲ್ಲಿ ಕೇಳಿತು.

“ಫೋನ್ ಇಟ್ಟ ದಿನ ರಾತ್ರಿ ಅಮ್ಮನಿಗೆ ಆಲ್ಬಮ್ ಕೇಳಿಸಿದೆ. ಎಂಟು ಹಾಡಿಗೆ ಎಂತದೂ ಹೇಳ್ಲಿಲ್ಲ, ಗಂಟಲಿಗೆ ಜೇನು ಹಾಕು ಅಂದ್ರು ಅಷ್ಟೆ. ಇದನ್ನು ಕೇಳಿ ಮೊಬೈಲ್ ಕಿವಿಗೆ ಹಿಡಿದುಕೊಂಡೇ ಕೂತ್ರು. ಆಮೇಲೆ ಹೇಳಿದ್ರು, ‘ನಿನ್ನ ಉಸಿರನ್ನು ಇಷ್ಟು ಗಮನ ಕೊಟ್ಟು ಕೇಳಿದವಳು ನಾನೊಬ್ಬಳೇ ಅಂತ ಗ್ರಹಿಸಿದ್ದೆ. ಈ ಇನ್ನೊಬ್ಬಳು ಯಾರು?’”

ಯಶಸ್ವಿ ಗುಂಡಿ ಒತ್ತಿದಳು.

“ತಮಾಷೆಗಲ್ಲ,” ಎಂದಳು. “ನೀವು ಬಾರದ ಭಾನುವಾರಕ್ಕೆ ಅಂತ ಮಾಡಿದ್ದು. ನನಗೆ ಒಬ್ಬಳಿಗೆ. ಅವತ್ತು ಫೋನಿನಲ್ಲಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ಅವನು ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ತುಟಿಯ ಆ ಮೂಲೆ ಅಲುಗಿತ್ತು.

“ಶಾಲೆಯಲ್ಲಿ ಎಂತ ಮಾಡ್ತಾರೆ ಈಗ?” ಎಂದು ಕೇಳಿದಳು.

“ಎಳೀತಾರೆ. ‘ಶ್ರುತಿ ಸ್ವಲ್ಪ ಮೇಲೆ ಹೋಯ್ತು’ ಅಂದೆ ಮೊನ್ನೆ. ಕ್ಲಾಸೇ ನಕ್ಕಿತು, ನಾನೂ ನಕ್ಕೆ. ಒಂದು ವಾರದಲ್ಲಿ ಅವರಿಗೇ ಬೋರ್ ಆಗ್ತದೆ.” ಅವನು ಜೇಬಿನಿಂದ ಮಡಚಿದ ಹಾಳೆ ತೆಗೆದ. “ನಾನು ಲೆಕ್ಕದ ಮೇಷ್ಟ್ರು. ಕೂತು ಲೆಕ್ಕ ಹಾಕಿದೆ. ನೂರ ಮೂರು ಉಸಿರು. ತೊಂಬತ್ತಾರು ಯಾವ ಹಾಡಿನ ಯಾವ ಸಾಲಿನದ್ದು ಅಂತ ಹೇಳ್ತೇನೆ. ಏಳು ಉಂಟಲ್ಲ, ಅದು ಯಾವ ಹಾಡಿನದ್ದೂ ಅಲ್ಲ.”

“ಗೊತ್ತುಂಟು. ನೀವು ತಾಳ ತಪ್ಪಿದ್ದು.”

“ನಾನು ತಾಳ ತಪ್ಪಿದ್ದನ್ನು ಯಾವಾಗ ನೋಡಿದ್ದೀರಿ ನೀವು?”

ಅವಳು ನೆನಪು ಮಾಡಿಕೊಂಡಳು. ಒಮ್ಮೆಯೂ ಇಲ್ಲ.

ಚಿನ್ಮಯ ಮೈಕು ಬಿಟ್ಟು ಬಾಗಿಲಿನ ಕಡೆ ನಡೆದ. ಏಳು ತಿಂಗಳಿನಲ್ಲಿ ಅವನು ಗಾಜಿನ ಈಚೆಗೆ ಬಂದದ್ದಿಲ್ಲ, ಈಚೆಗೆ ಅವಳ ಕುರ್ಚಿ ಒಂದೇ ಇತ್ತು. ಈಗ ಬಂದ. ಅವಳ ಕುತ್ತಿಗೆಯಲ್ಲಿದ್ದ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟ. ಅವನ ಎದೆಯ ಸಣ್ಣ ಸಿಳ್ಳೆಯನ್ನು ಯಶಸ್ವಿ ಆ ಮೊದಲ ದಿನದ ನಂತರ ಇವತ್ತೇ ಮೈಕಿಲ್ಲದೆ, ತಂತಿಯಿಲ್ಲದೆ ಕೇಳಿದಳು.

“ಏಳು ಸಲ ಉಸಿರು ತೆಗೊಂಡೆ. ಏಳು ಸಲವೂ ಮಾತು ಬರ್ಲಿಲ್ಲ,” ಎಂದ. “ನೀನು ಅದನ್ನೂ ತೆಗೆದಿಟ್ಟಿದ್ದಿ ಮಾರಾಯ್ತಿ. ನಾನು ಹೇಳದೆ ಇದ್ದದ್ದನ್ನೂ.”

ಅವನು ಮತ್ತೆ ಅವಳನ್ನೇ ನೋಡಿದ. ಉಸಿರು ತೆಗೆದುಕೊಂಡ. ಎಂಟನೆಯದು. ಈ ಸಲ ಅದರ ಹಿಂದೆ ಮಾತು ಬಂತು.

ಸರಿಯಾಗಿ ಅದೇ ಹೊತ್ತಿಗೆ ಹನ್ನೊಂದೂ ನಲವತ್ತರ ಸುಳ್ಯ ಬಸ್ಸು ಕೆಳಗೆ ಬಂದು ಉದ್ದಕ್ಕೆ ಹಾರ್ನ್ ಒತ್ತಿತು.

ಯಶಸ್ವಿಗೆ ಪೂರ್ತಿ ಕೇಳಿಸಿತ್ತು. ಇಷ್ಟು ದಿನ ಎಂಥೆಂಥ ಗದ್ದಲದ ಅಡಿಯಿಂದ ಅವನ ಸಪೂರ ಉಸಿರನ್ನು ಹೆಕ್ಕಿದವಳಿಗೆ ಮೂರು ಶಬ್ದ ಕೇಳಿಸದೆ ಇರುತ್ತದೆಯೇ? ಆದರೂ ಅವಳು ಕಣ್ಣು ಒರೆಸಿಕೊಂಡು, ಬಸ್ಸು ತಿರುಗಿ ಸುಳ್ಯದ ದಾರಿ ಹಿಡಿಯುವವರೆಗೆ ಕಾದಳು.

“ಹಾರ್ನ್ ಬಂತು,” ಎಂದಳು. “ಇನ್ನೊಂದ್ಸಲ.”